ಸಹಾಯ ಬೇಕು: ಹೀಬ್ರೂ 'ಹೇಫೆತ್ಸ್'ಗೆ ಸರಿಯಾದ ಕನ್ನಡ ಪದ ಯಾವುದು?

ನಮಸ್ಕಾರ. ಹೀಬ್ರೂ ಬಲ್ಲವರು ದಯವಿಟ್ಟು ಸ್ವಲ್ಪ ಸಹಾಯ ಮಾಡಿ. ಬೈಬಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕ ಓದುತ್ತಿದ್ದೇನೆ. 58:3ರಲ್ಲಿ (58ನೇ ಅಧ್ಯಾಯ, 3ನೇ ವಚನ) ದೇವರು ಜನರನ್ನು ಗದರಿಸುತ್ತಾನೆ: ಉಪವಾಸದ ದಿನವೂ ನಿಮಗೆ ಬೇಕಾದ್ದನ್ನೇ ನೋಡಿಕೊಳ್ಳುತ್ತೀರಿ, ಕೂಲಿಯವರನ್ನು ಹಿಂಸಿಸುತ್ತೀರಿ ಎಂದು. ಅಲ್ಲಿ ಆ 'ಬೇಕಾದ್ದು' ಎಂಬುದಕ್ಕೆ ಇರುವ ಹೀಬ್ರೂ ಪದ 'ಹೇಫೆತ್ಸ್'. 53:10ರಲ್ಲಿ ದೇವರ ಸಂಕಲ್ಪಕ್ಕೂ ಅದೇ ಪದ! ಇನ್ನೊಬ್ಬ ಪ್ರವಾದಿ ಹೋಶೇಯನ ಪುಸ್ತಕದ 6:6ರಲ್ಲಿ ದೇವರು ತನಗೆ ಬಲಿಯಲ್ಲ, ಕರುಣೆ ಬೇಕು ಎನ್ನುವಾಗಲೂ ಅದೇ ಧಾತು.

ನಾವು ಮನುಷ್ಯರದ್ದಕ್ಕೆ 'ಇಷ್ಟ', ದೇವರದ್ದಕ್ಕೆ 'ಚಿತ್ತ' ಅಂತೀವಿ, ಅಲ್ವಾ? ಹಾಗೆ ಬೇರೆ ಮಾಡಿದರೆ ಯೆಶಾಯನ ಮಾತಿನ ಮೊನೆಯೇ ಹೋಗುತ್ತದೆ ಅನ್ನಿಸುತ್ತಿದೆ. ಎರಡೂ ಕಡೆ 'ಇಷ್ಟ' ಎಂದರೆ ತಪ್ಪಾಗುತ್ತದಾ? 58:3ರಲ್ಲಿ ಅದಕ್ಕೆ 'ವ್ಯವಹಾರ' ಎಂಬ ಅರ್ಥ ಜಾಸ್ತಿ ಹೊಂದುತ್ತದಾ? ಬಲ್ಲವರು ತಿಳಿಸಿ.