ಬೇರೂರಿದ ಆಳುವ ಪಕ್ಷದೆದುರು ವಿರೋಧ ಪಕ್ಷ ಕಟ್ಟುವುದು ಹೇಗೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಂದು ಹೋಬಳಿಯಿಂದ

ಹಿರಿಯರಿಗೆಲ್ಲ ನಮಸ್ಕಾರ. ನಮ್ಮ ಭಾಗದಲ್ಲಿ ಸಹಕಾರ ಸಂಘದಿಂದ ಹಿಡಿದು ವಿಧಾನಸಭೆಯವರೆಗೆ ಬಹಳ ವರ್ಷಗಳಿಂದ ಒಂದೇ ಪಕ್ಷದ, ಅದರಲ್ಲೂ ಒಂದೇ ಗುಂಪಿನ ಹಿಡಿತವಿದೆ. ನಾವು ಕೆಲವರು ಸೇರಿ ವಿರೋಧ ಪಕ್ಷದ ಘಟಕವನ್ನು ಮತ್ತೆ ಕಟ್ಟಲು ಹೊರಟಿದ್ದೇವೆ. ಮನೆಗಳಿಗೆ ಹೋದರೆ ಜನ ಕೂರಿಸಿ ಚಹಾ ಕೊಡುತ್ತಾರೆ, ನಮ್ಮ ಮಾತನ್ನು ಒಪ್ಪುತ್ತಾರೆ. ಮತಗಟ್ಟೆಯಲ್ಲಿ ಏಜೆಂಟರಾಗಿ ಕೂರುವಿರಾ ಎಂದು ಕೇಳಿದರೆ ಮಾತ್ರ ‘ನಮ್ಮ ಹೆಸರು ಬರೀಬ್ಯಾಡ್ರಿ’ ಎನ್ನುತ್ತಾರೆ. ನಮ್ಮ ಬೆಂಬಲದಿಂದ ಗೆದ್ದ ಪಂಚಾಯತಿ ಸದಸ್ಯರು ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಆ ಕಡೆಗೆ ಹೋಗಿರುತ್ತಾರೆ. ಬೇರೆ ಕಡೆ ಹೀಗೆ ಬೇರೂರಿದ ಪಕ್ಷಗಳು ಹೇಗೆ ಸೋತವು, ಎದುರಿಗಿದ್ದವರು ಮೊದಲು ಯಾವ ಕೆಲಸಕ್ಕೆ ಕೈ ಹಾಕಿದರು ಎಂಬುದನ್ನು ಬಲ್ಲವರು ಬರೆಯಬೇಕೆಂದು ವಿನಂತಿ. ಯಾವ ಪಕ್ಷದವರು ಬರೆದರೂ ಅಭ್ಯಂತರವಿಲ್ಲ.

ರಾಯಚೂರಿನ ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕರು

ತಮ್ಮಾ, ನಾನು ಪಾಠ ಹೇಳಿದವನೇ ಹೊರತು ಪಕ್ಷ ಕಟ್ಟಿದವನಲ್ಲ. ಓದಿದ್ದನ್ನೂ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ರಾಜ್ಯದಿಂದಲೇ ಆರಂಭಿಸೋಣ. 1971ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿನ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹೋದವು. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತದಲ್ಲಿ ಆ ಪಕ್ಷ ನೆಲಕಚ್ಚಿದಾಗಲೂ ಕರ್ನಾಟಕದ 28ರಲ್ಲಿ 26 ಸ್ಥಾನಗಳನ್ನು ಅದೇ ಗೆದ್ದಿತು. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರನ ಹೆಸರು ಪಹಣಿಗೆ ಏರಿತ್ತು, ಹಿಂದುಳಿದ ಜಾತಿಗಳಿಗೆ ಮೀಸಲಾತಿ ಶಿಫಾರಸು ಮಾಡಿದ ಹಾವನೂರು ವರದಿಯ ಭರವಸೆ ಇತ್ತು. ದೆಹಲಿಯಲ್ಲಿ ಸರ್ವಾಧಿಕಾರ ನಡೆಯಿತೆಂಬ ಆರೋಪ ಸತ್ಯವೇ ಆಗಿದ್ದರೂ, ಆ ಪಹಣಿಯ ಮುಂದೆ ಅದು ಇಲ್ಲಿನ ಮತದಾರನಿಗೆ ದೂರದ ಮಾತಾಗಿ ಕೇಳಿಸಿತು. ಕೈಯಲ್ಲಿ ಹಿಡಿಯುವಂಥದ್ದನ್ನು ಕೊಟ್ಟ ಪಕ್ಷವನ್ನು ಬರೀ ಆರೋಪದಿಂದ ಅಲುಗಾಡಿಸಲಾಗದು ಎಂಬುದನ್ನು ವಿರೋಧ ಪಕ್ಷಗಳು ಇಂದಿಗೂ ಒಪ್ಪಿಕೊಳ್ಳುವುದಿಲ್ಲ.

1983ರ ಹೊತ್ತಿಗೆ ಸ್ಥಿತಿ ಬೇರೆಯಾಗಿತ್ತು. ಅರಸರು ಇಂದಿರಾ ಅವರಿಂದ ಬೇರೆಯಾಗಿ ಆಳುವ ಪಾಳಯ ಒಡೆದಿತ್ತು. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತು ಗೋಲಿಬಾರ್ ನಡೆದಿತ್ತು. 1982ರಲ್ಲಿ ಗೋಕಾಕ್ ಚಳವಳಿ ಬೀದಿಗಿಳಿದಿತ್ತು. ಇವೆರಡನ್ನೂ ಜನತಾ ಪಕ್ಷ ಹುಟ್ಟುಹಾಕಿರಲಿಲ್ಲ. ಆ ಸಿಟ್ಟು ಹೋಗಿ ಸೇರಲು ಒಂದು ಚಿಹ್ನೆಯನ್ನು ಮಾತ್ರ ಅದು ಅರಸರು ಕಟ್ಟಿದ್ದ ಕ್ರಾಂತಿರಂಗದ ಜೊತೆಗೂಡಿ ಒದಗಿಸಿತು. 224ರಲ್ಲಿ 95 ಸ್ಥಾನ ಗೆದ್ದು, 18 ಸ್ಥಾನಗಳಿದ್ದ ಬಿಜೆಪಿ ಮತ್ತಿತರರ ಬೆಂಬಲದಿಂದ ರಾಮಕೃಷ್ಣ ಹೆಗಡೆಯವರು ಸರ್ಕಾರ ರಚಿಸಿದರು. 1984ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 28ರಲ್ಲಿ 24 ಗೆದ್ದಾಗ ಹೆಗಡೆ ರಾಜೀನಾಮೆ ಕೊಟ್ಟು ಜನರ ಮುಂದೆ ಹೋದರು. 1985ರಲ್ಲಿ 139 ಸ್ಥಾನಗಳು ಬಂದವು. ದೆಹಲಿಗೊಂದು, ಬೆಂಗಳೂರಿಗೊಂದು ಎಂದು ಮತ ಹಾಕುವುದನ್ನು ನಮ್ಮ ಜನ ಆಗಲೇ ಬಲ್ಲವರಾಗಿದ್ದರು.

ಪಶ್ಚಿಮ ಬಂಗಾಳ ನಿಮ್ಮ ಸ್ಥಿತಿಗೆ ಹೆಚ್ಚು ಹತ್ತಿರ. ಅಲ್ಲಿ ಸಿಪಿಎಂ ನೇತೃತ್ವದ ಎಡರಂಗ 1977ರಿಂದ 2011ರವರೆಗೆ ಆಳಿತು. ಹಳ್ಳಿಯ ಜಗಳದ ಪಂಚಾಯತಿಕೆಯಿಂದ ಬೀಜ, ಸಾಲದವರೆಗೆ ಪಕ್ಷದ ಕಚೇರಿಯೇ ದಾರಿಯಾಗಿತ್ತು. 2006ರಲ್ಲಿ ಎಡರಂಗಕ್ಕೆ 294ರಲ್ಲಿ 235 ಸ್ಥಾನ, ಮಮತಾ ಬ್ಯಾನರ್ಜಿಯವರ ತೃಣಮೂಲ ಕಾಂಗ್ರೆಸ್ಸಿಗೆ 30. ಅದೇ ವರ್ಷ ಸಿಂಗೂರಿನ ಭೂಸ್ವಾಧೀನ ಶುರುವಾಯಿತು, 2007ರ ಮಾರ್ಚಿನಲ್ಲಿ ನಂದಿಗ್ರಾಮದಲ್ಲಿ ಗೋಲಿಬಾರ್ ನಡೆದು 14 ಜನ ಸತ್ತರು. ಭೂಸುಧಾರಣೆಯ ಹೆಸರಿನಲ್ಲಿ ನಿಂತಿದ್ದ ಪಕ್ಷವೇ ಭೂಮಿ ಕಿತ್ತುಕೊಳ್ಳಲು ಬಂದಾಗ ಅದರ ಬುಡವೇ ಸಡಿಲವಾಯಿತು. ಆದರೂ ತೃಣಮೂಲ ನೇರವಾಗಿ 2011ಕ್ಕೆ ಜಿಗಿಯಲಿಲ್ಲ. 2008ರಲ್ಲಿ ಪೂರ್ವ ಮೇದಿನಿಪುರ ಮತ್ತು ದಕ್ಷಿಣ 24 ಪರಗಣ ಜಿಲ್ಲಾ ಪರಿಷತ್ತುಗಳನ್ನು ಗೆದ್ದು, ಹಳ್ಳಿಯ ಮಟ್ಟದಲ್ಲಿ ಜನರ ಭಯ ಮುರಿಯಿತು. ಗೆದ್ದ ಮೇಲೆ ಅದೇ ಪಕ್ಷ ತಾನೂ ಹಾಗೆಯೇ ಬೇರೂರಿತು ಎಂಬುದನ್ನೂ ಹೇಳಬೇಕು: 2018ರ ಪಂಚಾಯತಿ ಚುನಾವಣೆಯಲ್ಲಿ ಮೂರನೇ ಒಂದರಷ್ಟು ಸ್ಥಾನಗಳಿಗೆ ಸ್ಪರ್ಧೆಯೇ ಇರಲಿಲ್ಲ.

ಮೆಕ್ಸಿಕೋದಲ್ಲಿ 1929ರಿಂದ ಅಧಿಕಾರದಲ್ಲಿದ್ದ ಪಕ್ಷ 2000ದಲ್ಲಿ ಅಧ್ಯಕ್ಷ ಪದವಿ ಕಳೆದುಕೊಂಡಿತು. ಅದಕ್ಕೆ ಮುಂಚೆ 1989ರಲ್ಲೇ ಬಾಹಾ ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಸ್ಥಾನ ವಿರೋಧ ಪಕ್ಷಕ್ಕೆ ಹೋಗಿತ್ತು. ಮಲೇಷ್ಯಾದಲ್ಲಿಯೂ 2018ರ ಸೋಲಿಗೆ ಹತ್ತು ವರ್ಷ ಮುಂಚೆ ಐದು ರಾಜ್ಯಗಳು ವಿರೋಧಿಗಳ ಕೈಸೇರಿದ್ದವು. ವಿರೋಧ ಪಕ್ಷಕ್ಕೂ ಆಳಲು ಬರುತ್ತದೆಂದು ಜನ ಹತ್ತಿರದಿಂದ ನೋಡಲು ಇಂಥದೊಂದು ಜಾಗ ಬೇಕು. ಸಿಂಗಾಪುರದ ಕಥೆ ಎಚ್ಚರಿಕೆಗೆ. 1968ರಲ್ಲಿ ಮುಖ್ಯ ವಿರೋಧ ಪಕ್ಷ ಚುನಾವಣೆಯನ್ನು ಬಹಿಷ್ಕರಿಸಿತು. 1981ರ ಒಂದು ಉಪಚುನಾವಣೆಯವರೆಗೆ ಅಲ್ಲಿನ ಸಂಸತ್ತಿನಲ್ಲಿ ವಿರೋಧ ಪಕ್ಷದ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಸಿಟ್ಟಿನಿಂದ ಕಣ ಬಿಡುವ ಮಾತು ನಿಮ್ಮಲ್ಲಿ ಯಾರಾದರೂ ಆಡಿದರೆ ಇದನ್ನು ತೋರಿಸಿ.

ಮಾನ್ವಿ ಕಡೆಯ ರೈತ

ಗುರುಗಳು ಹೇಳಿದ್ದು ಸರಿ, ನಾನು ಕಾಲುವೆಯ ಮಾತು ಹೇಳುತ್ತೇನೆ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡುವವರೂ ಆಳುವ ಪಕ್ಷದ ಮತದಾರರೇ, ಕೆಳಗೆ ನೀರಿಗಾಗಿ ಕಾಯುವ ನಾವೂ ಬಹುಮಟ್ಟಿಗೆ ಅದೇ ಪಕ್ಷಕ್ಕೆ ಮತ ಹಾಕಿಕೊಂಡು ಬಂದವರೇ. ನೀರಾವರಿ ಸಲಹಾ ಸಮಿತಿ ಸಭೆ ನಡೆದಾಗ ಆ ಪಕ್ಷ ಇಬ್ಬರಿಗೂ ಒಂದೇ ಭರವಸೆ ಕೊಡುತ್ತದೆ, ಆದರೆ ಇರುವ ನೀರು ಇಬ್ಬರಿಗೂ ಸಾಲುವುದಿಲ್ಲ. ಎಷ್ಟೇ ದೊಡ್ಡ ಪಕ್ಷವಾದರೂ ಎಲ್ಲರನ್ನೂ ಒಳಗೆ ಸೇರಿಸಿಕೊಂಡಿರುವುದರಿಂದಲೇ ಅದರೊಳಗೆ ಇಂಥ ಬಿರುಕು ಇರುತ್ತದೆ. ಅದು ಎಲ್ಲಿದೆ ಎಂದು ಹುಡುಕುವುದು ವಿರೋಧ ಪಕ್ಷದ ಮೊದಲ ಕೆಲಸವೆಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಆದದ್ದೇನೆಂದರೆ, ರಸ್ತೆ ತಡೆಯ ದಿನ ವಿರೋಧ ಪಕ್ಷದ ಮುಖಂಡರು ಬಂದು, ಭಾಷಣ ಮಾಡಿ, ಮಧ್ಯಾಹ್ನದೊಳಗೆ ಹೊರಟುಹೋಗುತ್ತಿದ್ದರು. ಊರಿನ ಇಬ್ಬರು ಹುಡುಗರು ಮಾತ್ರ ಕಾಲುವೆ ಗೇಜನ್ನು ಬೆಳಿಗ್ಗೆ ಸಂಜೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದರು. ಇಲಾಖೆಯವರು ‘ಇಷ್ಟು ಅಡಿ ಬಿಟ್ಟಿದ್ದೇವೆ’ ಎಂದಾಗ ಆ ನೋಟ್‌ಬುಕ್ ತೆರೆದು ದಿನಾಂಕವಾರು ಓದಿದರೆ ಎದುರು ಮಾತು ಬರುತ್ತಿರಲಿಲ್ಲ. ಮುಂದೆ ಪಂಚಾಯತಿ ಚುನಾವಣೆಯಲ್ಲಿ ಜನ ತಾವಾಗಿಯೇ ಅವರಲ್ಲಿ ಒಬ್ಬನನ್ನು ನಿಲ್ಲಿಸಿದರು.

ಇನ್ನೊಂದು ವಿಷಯ ಗುಳೆ ಹೋದವರದ್ದು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಮತದಾರರ ಪಟ್ಟಿ ಪರಿಷ್ಕರಣೆಯ ವೇಳೆ ಯಾರಾದರೂ ಅವರ ಹೆಸರಿನ ಮೇಲೆ ನಮೂನೆ 7ರಲ್ಲಿ ಆಕ್ಷೇಪ ಸಲ್ಲಿಸಿದರೆ, ನೋಟಿಸು ಬರುವುದು ಆ ಬೀಗದ ಬಾಗಿಲಿಗೇ. ಕರಡು ಪಟ್ಟಿ ಪ್ರಕಟವಾದ ವಾರದಲ್ಲೇ ಓಣಿವಾರು ಓದಿ ನೋಡಿ, ಬಿಟ್ಟುಹೋದವರಿಂದ ಹೆಸರು ಸೇರಿಸುವ ನಮೂನೆ 6 ತುಂಬಿಸಿ. ಬೇರೂರಿದ ಪಕ್ಷದವರು ಈ ಕೆಲಸವನ್ನು ಸದ್ದಿಲ್ಲದೆ ಪ್ರತಿ ವರ್ಷ ಮಾಡುತ್ತಾರೆ. ವಿರೋಧ ಪಕ್ಷದವರಿಗೆ ಮತದಾನದ ದಿನವೇ ಅದು ನೆನಪಾಗುವುದು.

ಸಿರಗುಪ್ಪ ಭಾಗದ ಮಾಜಿ ಗ್ರಾಮ ಪಂಚಾಯತಿ ಸದಸ್ಯೆ

ನಿಮ್ಮ ಪ್ರಶ್ನೆಯಲ್ಲಿನ ‘ಹೆಸರು ಬರೀಬ್ಯಾಡ್ರಿ’ ಎಂಬ ಮಾತಿಗೆ ಮಾತ್ರ ಉತ್ತರಿಸುತ್ತೇನೆ, ತಮ್ಮಾ. ಅದು ಹೇಡಿತನದಿಂದ ಬಂದ ಮಾತಲ್ಲ, ಲೆಕ್ಕ ಹಾಕಿ ಆಡಿದ ಮಾತು. ಮನೆ ಮಂಜೂರಾತಿ ಪಟ್ಟಿ, ಉದ್ಯೋಗ ಖಾತರಿ ಕೂಲಿ, ವಿಧವಾ ವೇತನ, ಸ್ವಸಹಾಯ ಸಂಘದ ಸಾಲ, ಇವೆಲ್ಲ ನಿಯಮದ ಪ್ರಕಾರ ಅರ್ಹರಿಗೆ ಸಿಗಬೇಕಾದವು. ಆದರೆ ನಡುವೆ ಒಬ್ಬ ಮನುಷ್ಯ ನಿಂತು ‘ನಾನು ಕೊಡಿಸಿದೆ’ ಎನ್ನುತ್ತಾನೆ. ಅವನ ಮುಖ ನೋಡಿ ಹೆದರುತ್ತಾರೆ.

ನಮ್ಮ ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದದೆಯೇ ಸಹಿ ಹಾಕಿಸುವ ರೂಢಿಯಿತ್ತು. ಒಮ್ಮೆ ನಾವು ನಾಲ್ಕಾರು ಹೆಂಗಸರು ಮುಂದಿನ ಸಾಲಿನಲ್ಲಿ ಕುಳಿತು, ಪಟ್ಟಿಯನ್ನು ಗಟ್ಟಿಯಾಗಿ ಓದಿದ ಹೊರತು ಸಹಿ ಇಲ್ಲವೆಂದು ಹಟ ಹಿಡಿದೆವು. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಓದತೊಡಗಿದರು. ಮಾಳಿಗೆ ಮನೆಯವರ ಹೆಸರು ಬಂದಾಗ ಹಿಂದಿನಿಂದ ಯಾರೋ ನಕ್ಕರು, ಆಮೇಲೆ ಇಡೀ ಸಭೆ ನಕ್ಕಿತು, ಆ ಹೆಸರನ್ನು ಅಲ್ಲೇ ಹೊಡೆದುಹಾಕಿದರು. ಅಂದು ಯಾರೂ ಪಕ್ಷದ ಹೆಸರು ಎತ್ತಲಿಲ್ಲ, ಆದ್ದರಿಂದಲೇ ಅಷ್ಟು ಜನ ಬಾಯಿ ಬಿಟ್ಟರು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ನಡೆಯಲೇಬೇಕೆಂದು ಕಾಯ್ದೆ ಹೇಳುತ್ತದೆ. ಕೇಳಿ ಪಡೆಯಿರಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯನ್ನು ಒಬ್ಬರ ಹೆಸರಿನಲ್ಲೇ ಮತ್ತೆ ಮತ್ತೆ ಹಾಕಿ ಅವರನ್ನು ಗುರಿ ಮಾಡಬೇಡಿ.

ಬಳ್ಳಾರಿಯ ವಕೀಲರು

ಅಕ್ಕಾವರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಸೇವೆ ಮಾಡಿದವರಿಗೆ ಜನ ಕೈಮುಗಿಯುತ್ತಾರೆ, ಮತವನ್ನು ಮಾತ್ರ ಗೆಲ್ಲುವವರಿಗೆ ಹಾಕುತ್ತಾರೆ. ಪಟ್ಟಿ ಓದಿಸಿದ ಹೆಂಗಸರ ಹಿಂದೆ ಒಂದು ಸಂಘಟನೆ ಇರದಿದ್ದರೆ ಮುಂದಿನ ಸಭೆಗೆ ಪಟ್ಟಿ ಮತ್ತೆ ಹಳೆಯ ದಾರಿಯಲ್ಲೇ ಬರುತ್ತದೆ.

ನಮ್ಮ ಬಳ್ಳಾರಿ ಲೋಕಸಭಾ ಕ್ಷೇತ್ರವನ್ನು ಮೊದಲ ಸಾರ್ವತ್ರಿಕ ಚುನಾವಣೆಯಿಂದ 1999ರವರೆಗೆ ಕಾಂಗ್ರೆಸ್ ಒಮ್ಮೆಯೂ ಬಿಟ್ಟುಕೊಟ್ಟಿರಲಿಲ್ಲ. 1999ರಲ್ಲಿ ಸೋನಿಯಾ ಗಾಂಧಿಯವರ ಎದುರು ಸುಷ್ಮಾ ಸ್ವರಾಜ್ ಕೆಲವೇ ದಿನಗಳ ಪ್ರಚಾರದಲ್ಲಿ, ಕನ್ನಡದಲ್ಲಿಯೇ ಭಾಷಣ ಮಾಡುತ್ತ, ಮೂರೂವರೆ ಲಕ್ಷಕ್ಕೂ ಹೆಚ್ಚು ಮತ ಪಡೆದು 56 ಸಾವಿರ ಮತಗಳಿಂದ ಸೋತರು. ಸೋತ ಮೇಲೂ ಪ್ರತಿ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಬರುತ್ತಿದ್ದುದು ಊರಿಗೆಲ್ಲ ಗೊತ್ತು. 2004ರಲ್ಲಿ ಕ್ಷೇತ್ರ ಬಿಜೆಪಿಗೆ ಬಂತು. ಸೋತ ಊರನ್ನು ಬಿಡದಿದ್ದುದು ಅದಕ್ಕೊಂದು ಕಾರಣವಾದರೆ, ಅದಿರಿನ ಹಣ ಇನ್ನೊಂದು ಕಾರಣ. ಎರಡನೆಯದನ್ನು ಮುಚ್ಚಿಟ್ಟು ಮೊದಲನೆಯದನ್ನಷ್ಟೇ ಹೇಳಿದರೆ ನಿಮಗೆ ತಪ್ಪು ದಾರಿ ತೋರಿಸಿದಂತೆ.

ಆ ಹಣದ ಆಳ್ವಿಕೆಯನ್ನು ಎದುರಿಸಿದ್ದೂ ವಿರೋಧ ಪಕ್ಷವೊಂದೇ ಅಲ್ಲ. 2010ರಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರ ಮುಂದಾಳತ್ವದಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಬಂದಿತು, ನಿಜ. ಆದರೆ ಆ ಹೊತ್ತಿಗೆ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2008ರ ವರದಿ ಇತ್ತು, ಸಮಾಜ ಪರಿವರ್ತನ ಸಮುದಾಯ ಎಂಬ ಸ್ವಯಂಸೇವಾ ಸಂಸ್ಥೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೇ ಕೋರ್ಟು ನಿಲ್ಲಿಸಿತು. 2013ರಲ್ಲಿ ಕಾಂಗ್ರೆಸ್ 122 ಸ್ಥಾನ ಗೆದ್ದಾಗ ಆಳುವ ಪಕ್ಷವಾಗಿದ್ದ ಬಿಜೆಪಿಯಿಂದ ಯಡಿಯೂರಪ್ಪನವರೂ ಶ್ರೀರಾಮುಲು ಅವರೂ ಹೊರಹೋಗಿ ಬೇರೆ ಬೇರೆ ಪಕ್ಷ ಕಟ್ಟಿದ್ದರು. ಗುರುಗಳು 1983ರ ಬಗ್ಗೆ ಹೇಳಿದ್ದಕ್ಕೆ ಇದು ಹೊಂದುತ್ತದೆ. ಕಾಗದಪತ್ರ, ಕೋರ್ಟು, ಬೀದಿ ಮೂರೂ ಒಂದೇ ಕಾಲಕ್ಕೆ ಕೂಡಿಬರುವುದು ಅಪರೂಪ. ಕೂಡಿಬಂದಾಗ ನಿಮ್ಮಲ್ಲಿ ಮತಗಟ್ಟೆಗೆ ಒಬ್ಬನಾದರೂ ಇರಬೇಕು.

ಹಣದ ವಿಷಯದಲ್ಲಿ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ ಕಾಗದದ ಮೇಲೆ 40 ಲಕ್ಷ ರೂಪಾಯಿ; ಕಣದಲ್ಲಿ ಆಗುವ ಖರ್ಚನ್ನು ನೀವೇ ನೋಡಿದ್ದೀರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡು ಮಾತು ಉಳಿದವು. ಗೆದ್ದವರು ಆ ಕಡೆ ಹೋಗುವುದನ್ನು ತಡೆಯಲು ಕಾನೂನಿನಲ್ಲಿ ದಾರಿಯಿದೆಯೇ? ಏಜೆಂಟರಾಗಿ ಬಂದ ಒಬ್ಬಿಬ್ಬರಿಗೆ ಮೊದಲು ಏನು ಕಲಿಸಬೇಕು?

ಬಳ್ಳಾರಿಯ ವಕೀಲರು

ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಅಲ್ಲಿ ಪಕ್ಷಾಂತರ ನಿಷೇಧಕ್ಕೆ ಆಸ್ಪದವಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯತಿ ಮತ್ತು ನಗರ ಸಂಸ್ಥೆಗಳಿಗೆ 1987ರ ರಾಜ್ಯ ಕಾಯ್ದೆ ಇದೆ. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಇದರಿಂದ ಹೆಚ್ಚು ನಷ್ಟವಾದದ್ದು ವಿರೋಧ ಪಕ್ಷಗಳಿಗೆ, ಏಕೆಂದರೆ ಅವರ ಎರಡನೇ ಸಾಲಿನ ನಾಯಕರು ಬೆಳೆಯುವ ಜಾಗವೇ ಅದು. ಅಚ್ಚರಿಯೆಂದರೆ, ವಿರೋಧ ಪಕ್ಷಗಳೇ ಇದನ್ನು ಗಟ್ಟಿಯಾಗಿ ಕೇಳುವುದಿಲ್ಲ.

ಕಾಯ್ದೆ ತಡೆಯದಿದ್ದರೂ ಮತದಾರ ಕೆಲವೊಮ್ಮೆ ಲೆಕ್ಕ ಚುಕ್ತಾ ಮಾಡುತ್ತಾನೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರುವಿಹಾಳರ ಎದುರು 213 ಮತಗಳಿಂದ ಗೆದ್ದರು. ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ 2021ರ ಉಪಚುನಾವಣೆಗೆ ನಿಂತಾಗ, ಅಷ್ಟರಲ್ಲಿ ಕಾಂಗ್ರೆಸ್ ಸೇರಿದ್ದ ತುರುವಿಹಾಳರೇ 30 ಸಾವಿರಕ್ಕೂ ಹೆಚ್ಚು ಅಂತರದಿಂದ ಅವರನ್ನು ಸೋಲಿಸಿದರು. ರಾಜ್ಯದಲ್ಲಿ ಆಗ ಬಿಜೆಪಿ ಸರ್ಕಾರವಿತ್ತು, ಮಂತ್ರಿಗಳು ಬಂದು ಪ್ರಚಾರ ಮಾಡಿದ್ದರು. ಇಬ್ಬರೂ ಪಕ್ಷ ಬದಲಿಸಿದವರೇ ಎಂದು ನೀವು ನಗಬಹುದು. ಆದರೆ ಉಪಚುನಾವಣೆ ಎಂದರೆ ಆಳುವ ಪಕ್ಷದ್ದೇ ಎಂಬ ನಂಬಿಕೆ ಅಲ್ಲಿ ಮುರಿಯಿತು.

ಏಜೆಂಟರಿಗೆ ಮೊದಲು ಕಲಿಸಬೇಕಾದದ್ದು ಕೊನೆಯವರೆಗೆ ಕೂರುವುದನ್ನು. ಮಧ್ಯಾಹ್ನದ ಊಟ ಎದುರಿನವರಿಂದ ಬಂದರೆ ಮೂರು ಗಂಟೆಯ ಮೇಲೆ ನಿಮ್ಮವನು ಜಾಗದಲ್ಲಿ ಇರುವುದಿಲ್ಲ. ಊಟ ನೀವೇ ಕಳಿಸಿ. ಬೆಳಿಗ್ಗೆ ಅಣಕು ಮತದಾನದ ವೇಳೆಗೆ ಅವನು ಒಳಗಿರಬೇಕು. ಮತದಾನ ಮುಗಿದ ಮೇಲೆ ಮತಗಟ್ಟೆ ಅಧಿಕಾರಿ ನಮೂನೆ 17ಸಿಯಲ್ಲಿ ದಾಖಲಾದ ಒಟ್ಟು ಮತ, ಯಂತ್ರದ ಸಂಖ್ಯೆ ಇತ್ಯಾದಿ ಬರೆದು ಹಾಜರಿರುವ ಏಜೆಂಟರಿಗೆ ದೃಢೀಕರಿಸಿದ ಪ್ರತಿ ಕೊಡಬೇಕು. ಅದನ್ನು ಪಡೆಯದೆ ಹೊರಬರಬಾರದು. ಎಣಿಕೆಯ ದಿನ ಮತಯಂತ್ರದ ಕಂಟ್ರೋಲ್ ಯೂನಿಟ್ಟಿನ ಒಟ್ಟು ಸಂಖ್ಯೆಯನ್ನು ತಾಳೆ ನೋಡಲು ನಿಮ್ಮ ಕೈಯಲ್ಲಿರುವ ದಾಖಲೆ ಅದೊಂದೇ. ಎಲ್ಲ ಮತಗಟ್ಟೆಗಳಿಗೂ ಜನ ಸಿಗದಿದ್ದರೆ, ಕಳೆದ ಸಲ ಅಂತರ ಕಡಿಮೆಯಿದ್ದ ಮತಗಟ್ಟೆಗಳಿಗೆ ಮೊದಲು ಕೂರಿಸಿ.