ತರಬೇತಿ ಕೊಡಿಸಿದರೂ ವಸತಿಗೃಹದ ಗುಣಮಟ್ಟ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ:
ಇಪ್ಪತ್ತೆರಡು ಕೊಠಡಿಗಳ ವಸತಿಗೃಹವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಪ್ರವಾಸಿಗರ ದಟ್ಟಣೆ ಆರಂಭವಾಗುವ ಮುನ್ನ ಪ್ರತಿ ವರ್ಷ ಎರಡು ದಿನ ಸಿಬ್ಬಂದಿಗೆ ತರಬೇತಿ ಕೊಡಿಸುತ್ತೇವೆ. ಬಂದವರು ನಗುಮುಖ, ಸ್ವಾಗತ, ಮಾತಿನ ಮರ್ಯಾದೆ ಎಲ್ಲವನ್ನೂ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಆದರೂ ತಿಂಗಳು ಕಳೆಯುವಷ್ಟರಲ್ಲಿ ದಿಂಬಿನ ಮೇಲೆ ಕೂದಲು, ಸರಿಯಾಗಿ ಬಾರದ ಬಿಸಿನೀರು ಎಂಬ ಹಳೆಯ ದೂರುಗಳೇ ಮತ್ತೆ ಬರುತ್ತವೆ. ಸ್ಟಾರ್ ದರ್ಜೆಗೆ ಅರ್ಜಿ ಹಾಕಿದರೆ ಗುಣಮಟ್ಟ ತಾನಾಗಿ ಏರುತ್ತದೆ ಎನ್ನುವುದು ನನ್ನ ಪಾಲುದಾರರ ವಾದ. ಅದು ನಿಜವೇ?

ಉತ್ತರ 1:
ಸ್ಟಾರ್ ದರ್ಜೆಗೆ ಜಗತ್ತಿಗೆಲ್ಲ ಒಂದೇ ಮಾನದಂಡವಿಲ್ಲ. ಯುರೋಪಿನ ಕೆಲವು ದೇಶಗಳು 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಕಟ್ಟಿಕೊಂಡು ತಮ್ಮತಮ್ಮಲ್ಲಿ ಒಂದು ಪಟ್ಟಿಗೆ ಒಪ್ಪಿಕೊಂಡವು. ಇಂಥ ಪಟ್ಟಿಗಳು ಬಹುಮಟ್ಟಿಗೆ ಎಣಿಸಲು ಬರುವುದನ್ನೇ ಅಳೆಯುತ್ತವೆ. ತಮಗೆ ಹೆಚ್ಚು ಉಪಯೋಗವಾಗುವುದು ಹೋಟೆಲ್ ಸೇವೆಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ, 2020ರ ಐಎಸ್‌ಒ 22483. ಅದು ಹೋಟೆಲಿನ ಸಿಬ್ಬಂದಿ, ಸೇವೆ, ಸ್ವಚ್ಛತೆ, ನಿರ್ವಹಣೆಗಳನ್ನೂ ಒಳಗೊಳ್ಳುತ್ತದೆ. ಪ್ರಮಾಣಪತ್ರದ ಗೋಜಿಗೆ ಹೋಗದಿದ್ದರೂ ಅದನ್ನು ಮುಂದಿಟ್ಟುಕೊಂಡು ತಮ್ಮದೇ ತಪಾಸಣಾ ಪಟ್ಟಿಯನ್ನು ಸಿದ್ಧಪಡಿಸಬಹುದು.

ಉತ್ತರ 2:
ಇದು ಹೌಸ್‌ಕೀಪಿಂಗ್ ಮೇಲ್ವಿಚಾರಣೆ ಮಾಡಿದವಳ ಮಾತು. ನಗುಮುಖದ ತರಬೇತಿಯಿಂದ ದಿಂಬಿನ ಕೂದಲು ಹೋಗುವುದಿಲ್ಲ. ಹೊಸಬರನ್ನು ನಾನು ತರಗತಿಯಲ್ಲಿ ಕೂರಿಸದೆ ಎರಡು ವಾರ ಅನುಭವಿಗಳ ಜೊತೆ ಕೊಠಡಿಗೇ ಕಳುಹಿಸುತ್ತಿದ್ದೆ. ಕಮೋಡಿಗೆ ಕೆಂಪು ಬಟ್ಟೆ, ವಾಶ್‌ಬೇಸಿನ್ನಿಗೆ ಹಳದಿ ಎಂಬುದು ಮೊದಲ ದಿನವೇ ಕೈಗೆ ರೂಢಿಯಾಗಬೇಕು. ಇಲ್ಲವಾದರೆ ಒಂದೇ ಬಟ್ಟೆ ಕಮೋಡಿನಿಂದ ಕುಡಿಯುವ ಲೋಟದವರೆಗೂ ಓಡಾಡುತ್ತದೆ. ಕೆಲಸ ಮುಗಿದ ಮೇಲೆ ಅವರನ್ನೇ ಹಾಸಿಗೆಯ ಅಂಚಿನಲ್ಲಿ ಕೂರಿಸಿ, ಅತಿಥಿಗೆ ಇಲ್ಲಿಂದ ಏನು ಕಾಣುತ್ತದೆ ಎಂದು ಕೇಳುತ್ತಿದ್ದೆ, ಏಕೆಂದರೆ ಮೇಜಿನಡಿಯ ಧೂಳು ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ.

ಬಿಸಿನೀರಿನ ವಿಷಯ ಬರೀ ಸೌಕರ್ಯದ್ದಲ್ಲ. 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವಿನ ನಿಂತ ನೀರಿನಲ್ಲಿ, ಶ್ವಾಸಕೋಶಕ್ಕೆ ಸೋಂಕು ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆದ್ದರಿಂದ ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಯಲ್ಲಿಟ್ಟು, ಖಾಲಿ ಕೊಠಡಿಗಳ ನಲ್ಲಿ, ಶವರ್‌ಗಳನ್ನು ವಾರಕ್ಕೊಮ್ಮೆಯಾದರೂ ಹರಿಯಬಿಡಬೇಕು.

ಉತ್ತರ 3:
ತರಬೇತಿ ಪಡೆದವರಲ್ಲಿ ಎಷ್ಟು ಮಂದಿ ಮರುವರ್ಷ ಉಳಿಯುತ್ತಾರೆ ಎಂಬುದನ್ನು ತಾವು ಹೇಳಿಲ್ಲ. ಹೋಟೆಲ್ ಕೆಲಸಗಾರರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1991ರಲ್ಲಿ ಅಂಗೀಕರಿಸಿದ 172ನೇ ಒಡಂಬಡಿಕೆಯು ದೈನಂದಿನ ಹಾಗೂ ವಾರದ ವಿಶ್ರಾಂತಿಯನ್ನು, ಟಿಪ್ಸ್ ಏನೇ ಬರಲಿ ಮೂಲವೇತನ ನಿಯತವಾಗಿ ಕೈಸೇರುವುದನ್ನು ಕೇಳುತ್ತದೆ. ಅಷ್ಟೂ ಇಲ್ಲದ ಕಡೆ ಕಲಿತವರು ಬೇರೆಡೆಗೆ ಹೊರಟುಬಿಡುತ್ತಾರೆ, ತಮ್ಮ ತರಬೇತಿಯ ಫಲ ಮತ್ತೊಬ್ಬರ ಹೋಟೆಲಿಗೆ ದಕ್ಕುತ್ತದೆ.

ಪ್ರಶ್ನೆ ಕೇಳಿದವರು:
ಲೆಕ್ಕ ತೆಗೆದೆ. ಕಳೆದ ವರ್ಷ ತರಬೇತಿ ಪಡೆದ ಒಂಬತ್ತು ಮಂದಿಯಲ್ಲಿ ಈಗ ಇರುವವರು ಮೂವರು. ಸಿಬ್ಬಂದಿ ಮಲಗುವ ಕೋಣೆಯನ್ನೂ ಇವತ್ತು ನೋಡಿ ಬಂದೆ: ಆರು ಜನಕ್ಕೆ ಒಂದೇ ಫ್ಯಾನು, ಕಿಟಕಿಗೆ ಚಿಲಕವಿಲ್ಲ. ದರ್ಜೆಯ ಅರ್ಜಿಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ.