ನೆಟ್‌ವರ್ಕ್ ಇಲ್ಲದ ಶಾಲೆಗೆ ಡಿಜಿಟಲ್ ಪಾಠ ತಲುಪಿಸುವುದು ಹೇಗೆ?

ಪ್ರಶ್ನೆ: ಜೋಯಿಡಾ ತಾಲ್ಲೂಕಿನ ಕಾಡಂಚಿನ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗವು ಟ್ಯಾಬ್ಲೆಟ್‌ಗಳನ್ನು ಕೊಡಬೇಕೆಂದಿದೆ. ಅಲ್ಲಿ ನೆಟ್‌ವರ್ಕ್ ಇಲ್ಲ, ಮಳೆಗಾಲದಲ್ಲಿ ಕರೆಂಟನ್ನೂ ನೆಚ್ಚುವಂತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸ್ವಯಂಸೇವಕರೊಬ್ಬರು: ಟ್ಯಾಬ್ಲೆಟ್ ಕೊಳ್ಳುವ ಮೊದಲು ಅದರೊಳಗೆ ಏನಿರಬೇಕೆಂದು ಶಿಕ್ಷಕರೊಂದಿಗೆ ಕುಳಿತು ನಿಶ್ಚಯಿಸಿಕೊಳ್ಳಿ. ಇಂಟರ್ನೆಟ್ ಇಲ್ಲದ ಕಡೆಗೆಂದೇ ರೂಪಿಸಿದ ಕೊಲಿಬ್ರಿ ಎಂಬ ಉಚಿತ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾಕಿ, ಬೇಕಾದ ಪಾಠಗಳನ್ನು ಪೇಟೆಯಲ್ಲಿಯೇ ತುಂಬಿಕೊಂಡು ಹೋದರೆ, ಶಾಲೆಯಲ್ಲಿ ಅದರದೇ ವೈ-ಫೈ ಮೂಲಕ ಮಕ್ಕಳು ಅವನ್ನು ತೆರೆದು ನೋಡಬಹುದು. ಫೆಟ್ ಎಂಬ, ಪರದೆಯ ಮೇಲೆಯೇ ಮಾಡಿ ನೋಡುವ ವಿಜ್ಞಾನ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲಿವೆ. ಅವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೂ ನಡೆಯುತ್ತದೆ. ಪರದೆಯ ಮೇಲೆ ತಂತಿ ಜೋಡಿಸಿ ಬಲ್ಬು ಹೊತ್ತಿಸಿದ ಮಕ್ಕಳು ಆಮೇಲೆ ನಿಜವಾದ ಸೆಲ್ಲು, ಬಲ್ಬು ಕೇಳುತ್ತಾರೆ, ಅವನ್ನೂ ಜೊತೆಗೆ ಕೊಂಡೊಯ್ಯಿರಿ. ಕರೆಂಟ್ ತಟ್ಟನೆ ಹೋದಾಗ ಪೈನ ಮೆಮೊರಿ ಕಾರ್ಡ್ ಕೆಡುವುದುಂಟು. ಆದ್ದರಿಂದ ಅದರದೇ ನಕಲು ಕಾರ್ಡೊಂದನ್ನು ಶಾಲೆಯಲ್ಲಿಟ್ಟು, ಬದಲಿಸುವ ಕ್ರಮವನ್ನು ಶಿಕ್ಷಕರಿಗೆ ಕಲಿಸಿಕೊಡಿ.

ಶಿಕ್ಷಕಿಯೊಬ್ಬರು: ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಟ್ಯಾಬ್ಲೆಟ್ ಬೀರುವಿನಿಂದ ಹೊರಗೆ ಬಂದರೆ ತಾನೆ? ದಾನವಾಗಿ ಬಂದ ವಸ್ತು ದಾಸ್ತಾನು ವಹಿಗೆ ಏರಿತೆಂದರೆ, ವರ್ಗಾವಣೆಯ ವೇಳೆ ಅಧಿಕಾರ ವಹಿಸಿಕೊಡುವಾಗ ಮುಖ್ಯ ಶಿಕ್ಷಕರೇ ಅದರ ಲೆಕ್ಕ ಕೊಡಬೇಕಾಗುವುದರಿಂದ, ಎಷ್ಟೇ ಉತ್ಸಾಹಿಗಳಾದರೂ ಅದನ್ನು ಮಕ್ಕಳ ಕೈಗೆ ಕೊಡಲು ಅಳುಕುತ್ತಾರೆ. ಬಳಕೆಯಲ್ಲಿ ಒಡೆದರೆ ಶಿಕ್ಷಕರನ್ನು ಹೊಣೆ ಮಾಡಬಾರದೆಂದು ನೀವು ಕೊಡುವ ಪತ್ರದಲ್ಲಿಯೇ ಬರೆಯಿರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲೂ ಅದು ದಾಖಲಾಗಲಿ. ಇನ್ನು, ಮಗುವಿಗೊಂದರಂತೆ ಟ್ಯಾಬ್ಲೆಟ್ ಬೇಕಿಲ್ಲ. ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂತು ಕಲಿಯುವ ನಲಿ-ಕಲಿ ತರಗತಿಯಲ್ಲಿ, ತಾವೇ ಕಲಿಯುವ ಸ್ವಕಲಿಕೆಯ ತಟ್ಟೆಗೆ ಒಂದನ್ನು ಕೊಟ್ಟರೆ, ಶಿಕ್ಷಕರ ನೆರವು ಬೇಕಾದ ತಟ್ಟೆಯ ಮಕ್ಕಳೊಂದಿಗೆ ಕೂರಲು ನಮಗೆ ಬಿಡುವಾಗುತ್ತದೆ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿದ್ದರೆ, ಗಡಿಬಿಡಿಯ ಕನ್ನಡದ ವಿಡಿಯೊಗಳನ್ನು ದಯವಿಟ್ಟು ತುಂಬಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ ದೀಕ್ಷಾ ಎಂಬ ಸರ್ಕಾರಿ ಆ್ಯಪ್‌ನ ಪಾಠಗಳನ್ನು ನೆಟ್‌ವರ್ಕ್ ಇರುವಲ್ಲಿ ಡೌನ್‌ಲೋಡ್ ಮಾಡಿಕೊಂಡರೆ, ಶಾಲೆಯಲ್ಲಿ ಇಂಟರ್ನೆಟ್ ಇಲ್ಲದೆಯೂ ನೋಡಬಹುದು.

ಟ್ಯಾಬ್ಲೆಟ್ ದುರಸ್ತಿ ಮಾಡುವವರು: ಏಪ್ರಿಲ್–ಮೇ ರಜೆಯುದ್ದಕ್ಕೂ ಪೂರ್ತಿ ಬರಿದಾಗಿ ಬಿದ್ದಿದ್ದ ಬ್ಯಾಟರಿಗಳು ಶಾಲೆ ತೆರೆದಾಗ ಚಾರ್ಜ್ ಹಿಡಿಯದೆ ನನ್ನ ಬಳಿಗೆ ಬರುತ್ತವೆ. ಅರ್ಧದಷ್ಟು ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿಡಲು ಹೇಳಿ. ಮಳೆಗಾಲದಲ್ಲಿ ಕಬ್ಬಿಣದ ಬೀರುವಿನೊಳಗೂ ತೇವ ಸೇರುವುದರಿಂದ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಪೊಟ್ಟಣಗಳನ್ನು ಟ್ಯಾಬ್ಲೆಟ್ ಜೊತೆಯಲ್ಲಿಯೇ ಕೊಟ್ಟುಬಿಡಿ.